ಅಧಿಕ ಮಾಸದ ಟ್ಯೂಬು

ಪಂಚಯ್ಯನ ಸೈಕಲ್ಲಿಗೆ ಗಾಳಿ ನಿಲ್ಲುವ ಟ್ಯೂಬು ಇರಲಿಲ್ಲ. ಇದ್ದ ಎರಡರಲ್ಲಿ ತೇಪೆಯ ಮೇಲೆ ತೇಪೆ ಕೂತು, ಮೂಲ ರಬ್ಬರು ಯಾವುದು, ಹಚ್ಚಿದ್ದು ಯಾವುದು ಎಂದು ಹಚ್ಚಿದವನಿಗೇ ತಿಳಿಯದಂತಾಗಿತ್ತು. ಯೆಣೆಗೂರಿನಿಂದ ದಾಳಿಂಬಕ್ಕೆ ಹೋಗುವ ಹೊಲದ ದಾರಿಯ ಎರಡೂ ಬದಿಗೆ ಜಾಲಿ. ಆ ಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಬರುತ್ತದೆ, ಟ್ಯೂಬು ಯಾವ ಲೆಕ್ಕ.

ದಾಳಿಂಬದಲ್ಲಿ ಪಂಚಯ್ಯನಿಗೆ ಹನ್ನೊಂದು ಮನೆಗಳಿದ್ದವು. ಹನ್ನೊಂದೂ ಒಂದೇ ಭಾವಕಿಯವು, ಒಬ್ಬನೇ ಮುತ್ತಜ್ಜನ ವಂಶ ಬೇರೆಬೇರೆಯಾಗಿ ಹೂಡಿಕೊಂಡ ಒಲೆಗಳು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಕೂರಿಸಿ ನೆತ್ತಿಯ ಮೇಲೆ ಪಾದ ಇಡುವವರೆಗೆ ಆ ಮನೆಗಳಿಗೆ ಪಂಚಯ್ಯನೇ ಅಯ್ಯನೋರು. ಅವನ ಅಪ್ಪನೂ ಅದೇ ಮನೆಗಳಲ್ಲಿ ಪಾದ ಇಟ್ಟು ಹೊಟ್ಟೆ ಹೊರೆದಿದ್ದ. ಯೆಣೆಗೂರಿನಲ್ಲಿ ಬೇರೆ ನಾಲ್ಕು ಮನೆಗಳಿದ್ದವು, ಆದರೆ ಅವುಗಳ ಜೋಳ ಅವನ ಮನೆಯ ಡಬ್ಬಿಯ ತಳ ಮುಚ್ಚುತ್ತಿತ್ತು, ಅಷ್ಟೇ. ದಾಳಿಂಬ ಹೋದರೆ ಪಂಚಯ್ಯ ಹೋದ ಎಂದು ಅವನ ಹೆಂಡತಿ ಅನುಸೂಯಾಬಾಯಿಗೆ ಗೊತ್ತಿತ್ತು. ಪಂಚಯ್ಯನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದನ್ನು ನಂಬುವ ಚಟ ಅವನಿಗಿರಲಿಲ್ಲ.

ಭಾವಕಿಯ ಹಿರಿಯ ಸೂರ್ಯಕಾಂತ. ದಾಳಿಂಬದಲ್ಲಿ ತೊಗರಿ, ಸೋಯಾಬೀನ್ ಹಿಡಿಯುವ ವ್ಯಾಪಾರಿ. ಅವನು ಹೂಂ ಅಂದರೆ ಉಳಿದ ಹತ್ತು ಮನೆಯವರೂ ಹೂಂ ಅನ್ನುತ್ತಿದ್ದರು, ಏಕೆಂದರೆ ಹತ್ತೂ ಮನೆಯ ಫಸಲು ಅವನ ತಕ್ಕಡಿಗೇ ಬರುತ್ತಿತ್ತು. ಅದನ್ನು ಅವರು ಹಿರಿಯರ ಮೇಲಿನ ಗೌರವ ಎಂದು ಕರೆಯುತ್ತಿದ್ದರು. ಆ ವರ್ಷ ಪಂಚಯ್ಯ ಸೂರ್ಯಕಾಂತನ ಮನೆಗೆ ಎರಡು ಸಲ ತಡವಾಗಿ ಮುಟ್ಟಿದ್ದ. ಒಮ್ಮೆ ಮೊಮ್ಮಗಳ ತೊಟ್ಟಿಲಿಗೆ, ಒಮ್ಮೆ ಹೊಸ ಬೋರಿನ ಪೂಜೆಗೆ. ಎರಡೂ ಸಲ ಮುಳ್ಳು. ಬೋರಿನ ಪೂಜೆಯ ದಿನ ಅವನು ಮುಟ್ಟುವ ಹೊತ್ತಿಗೆ ಮೋಟಾರು ಓಡಿ, ನೀರು ಬಂದು, ಪೂಜೆಗೆ ತಂದಿದ್ದ ಬಾಳೆಹಣ್ಣನ್ನು ಬೋರ್ ಹೊಡೆಯುವವರು ತಿಂದು ಮುಗಿಸಿದ್ದರು.

ಸೂರ್ಯಕಾಂತ ಸಿಟ್ಟು ಮಾಡಲಿಲ್ಲ. ತಕ್ಕಡಿ ಹಿಡಿದವರ ಹಾಗೆ ಶಾಂತವಾಗಿ ಹೇಳಿದ.

"ಅಯ್ನೋರ, ಅವ್ವನ ದಿನಾ ಸನಿ ಬಂದಾವ. ನಾಳೆ ಆಕಿನ್ನ ಕುಂದರಿಸಿದಾಗ ನೀವು ಹಾದ್ಯಾಗ ಪಂಪ್ ಹೊಡಕೋತ ನಿಂತಿದ್ರ ನಾ ಕಾಯಂಗಿಲ್ಲ. ರೇಣುಕಾಪ್ರಸಾದನ ನಂಬರ್ ನನ್ನ ಮೊಬೈಲ್‌ನ್ಯಾಗ ಅದ."

ಅವ್ವ ಅಂದರೆ ಶೇವಂತಾಬಾಯಿ, ಇಡೀ ಭಾವಕಿಯ ಹಿರಿತಲೆ, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ರೇಣುಕಾಪ್ರಸಾದ ಉಮರಗಾದ ಎಳೆಯ ಅಯ್ಯನೋರು. ಮೋಟಾರ್ ಸೈಕಲ್ ಇಟ್ಟಿದ್ದ, ಮೊಬೈಲಿನಲ್ಲೇ ಮುಹೂರ್ತ ಕಳಿಸುತ್ತಿದ್ದ, ಮಂತ್ರವನ್ನು ಅರ್ಧಕ್ಕೆ ನುಂಗಿ ಮುಂದಿನ ಮನೆಗೆ ಓಡುತ್ತಿದ್ದ. ಪಂಚಯ್ಯ ಅವನ ಹೆಸರು ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದ.

ಹೆದ್ದಾರಿಯಲ್ಲಿ ಯೆಣೆಗೂರಿನಿಂದ ದಾಳಿಂಬಕ್ಕೆ ಶೇರ್ ಆಟೋಗಳಿಗೆ ಬರವಿಲ್ಲ. ಅವುಗಳಲ್ಲಿ ಪಂಚಯ್ಯ ಕೂರುತ್ತಿರಲಿಲ್ಲ. ಸ್ನಾನ, ಲಿಂಗಪೂಜೆ ಮುಗಿಸಿ ಮಡಿ ಧೋತರ ಉಟ್ಟವನು ಕಂಡಕಂಡವರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರೆ ಮಡಿ ಉಳಿಯುವುದು ಹೇಗೆ ಎಂಬುದು ಅವನ ಪ್ರಶ್ನೆ. ಅದೇ ಆಟೋದಲ್ಲಿ ಸಂತೆಗೆ ಹೋಗಿ ಅದೇ ಮೊಣಕಾಲುಗಳು ಹೊತ್ತು ತಂದ ಬದನೆಕಾಯಿಯನ್ನು ಅವನು ತಿನ್ನುತ್ತಿದ್ದ. ಬದನೆಕಾಯಿಗೆ ಮಡಿ ಇಲ್ಲ.

ಹೀಗಾಗಿ ಸೈಕಲ್ಲೇ ಗತಿ, ಲಾರಿಗಳ ಹೆದರಿಕೆಗೆ ಹೊಲದ ದಾರಿಯೇ ಗತಿ. ಸೈಕಲ್ ರಿಪೇರಿಯ ಬಾಳು ಅವನಿಗೆ ಪಂಕ್ಚರ್ ಜೆಲ್ಲಿನ ವಿಷಯ ಹೇಳಿದ. ಟ್ಯೂಬಿನೊಳಗೆ ತುಂಬಿಬಿಟ್ಟರೆ, ಮುಳ್ಳು ಚುಚ್ಚಿದ ಕೂಡಲೇ ಒಳಗಿನ ರಸ ತೂತಿಗೆ ಬಂದು ತಾನೇ ಮುಚ್ಚುತ್ತದೆ, ಗಾಲಿ ನಿಲ್ಲುವುದೇ ಇಲ್ಲ ಅಂದ. ಹಳೆಯ ಟ್ಯೂಬಿಗೆ ಮಾತ್ರ ಅದು ಆಗುವುದಿಲ್ಲ, ಮೊದಲು ಹೊಸದು ಹಾಕಿಸಿ ಅಂದ. ಪಂಚಯ್ಯ ಎರಡು ಹೊಸ ಟ್ಯೂಬು ಹಾಕಿಸಿದ. ಜೆಲ್ ಉದಗೀರದಿಂದ ಬರಬೇಕಿತ್ತು, ತಡವಾಯಿತು. ಅಷ್ಟರಲ್ಲಿ ಅಧಿಕ ಮಾಸ ಕೂತಿತು.

ಅಧಿಕ ಮಾಸ, ಆ ಕಡೆಯವರ ಬಾಯಲ್ಲಿ ಧೋಂಡ್ಯಾ ಮಹಿನಾ, ಮೂರು ವರ್ಷಕ್ಕೊಮ್ಮೆ ಬರುವ ಹೆಚ್ಚಿನ ತಿಂಗಳು. ಆ ತಿಂಗಳಲ್ಲಿ ಹೊಸದೇನನ್ನೂ ಆರಂಭಿಸಬಾರದು. ಹೊಸ ಮನೆ ಹೊಗಬಾರದು, ಹೊಸ ಗಾಡಿ ಹತ್ತಬಾರದು. ಪಂಚಯ್ಯನಿಗೆ ಈ ತಿಂಗಳೆಂದರೆ ಬಹಳ ಪ್ರೀತಿ. ಉಳಿದ ತಿಂಗಳಲ್ಲಿ ಜನ ಅವನನ್ನು ಕೇಳಿ ಏನೋ ಮಾಡುತ್ತಿದ್ದರು. ಈ ತಿಂಗಳು ಅವನನ್ನು ಕೇಳಿ ಸುಮ್ಮನೆ ಕೂರುತ್ತಿದ್ದರು. ಸೂರ್ಯಕಾಂತ ಮಾಲು ಸಾಗಿಸಲು ಹೊಸ ಪಿಕಪ್ ಗಾಡಿ ತೆಗೆದುಕೊಂಡಿದ್ದ. ಅದು ಉದಗೀರದ ಶೋರೂಮಿನಲ್ಲಿ ಬಿಸಿಲು ಕಾಯುತ್ತ ನಿಂತಿತ್ತು, ಏಕೆಂದರೆ ಪಂಚಯ್ಯ ಮಾಸ ಮುಗಿಯುವವರೆಗೆ ತರಬೇಡ ಅಂದಿದ್ದ.

ಮಾಸದ ಮೂರನೆಯ ದಿನ ಬಾಳು ಬಾಟಲಿ ಹಿಡಿದು ಪಂಚಯ್ಯನ ಅಂಗಳಕ್ಕೆ ಬಂದ. ಪಂಚಯ್ಯ ಐದು ನಿಮಿಷ ವಿಚಾರ ಮಾಡಿದ. ತುಂಬುವುದು ಆರಂಭವಲ್ಲ, ತಿರುಗುವುದು ಆರಂಭ ಎಂದು ತೀರ್ಮಾನಿಸಿದ. ಇಂಥ ತೀರ್ಮಾನ ಯಾವ ಪಂಚಾಂಗದಲ್ಲೂ ಇಲ್ಲ. ಆದರೆ ಪಂಚಾಂಗ ಅವನ ಕೈಯಲ್ಲಿತ್ತು.

ಬಾಳು ವಾಲುಗಳನ್ನು ಗಾಲಿಯ ಕೆಳಭಾಗಕ್ಕೆ ತಂದು, ಬಿಚ್ಚಿ, ಬಾಟಲಿಯ ನಳಿಗೆ ಚುಚ್ಚಿ ಹಸಿರು ಲೋಳೆಯನ್ನು ಅರ್ಧರ್ಧ ಹಿಂಡಿದ. ವಾಲು ಬಿಗಿದ, ಗಾಳಿ ಹೊಡೆದ. ಆಮೇಲೆ ಹಿಂದಿನ ಗಾಲಿಗೆ ಕೈ ಹಚ್ಚಿ ತಿರುಗಿಸಲು ಹೋದ. ಪಂಚಯ್ಯ ಅವನ ಕೈ ಹಿಡಿದ.

"ತಿರುವಬ್ಯಾಡ."

"ತಿರುವದಿದ್ರ ಹ್ಯಾಂಗ್ರಿ ಅಯ್ನೋರ? ಈಗಿಂದೀಗ ನಾಕ್ ಕಿಲೋಮೀಟರ್ ಹೊಡೀಬೇಕು. ಔಷಧ ಸುತ್ತೆಲ್ಲಾ ಹತ್ತಬೇಕಲ್ಲ."

"ಮಾಸ ಮುಗೀಲಿ. ಒಳ್ಳೆ ದಿನಾ ನೋಡಿ ನಾನೇ ಹೊಡೀತೀನಿ."

"ಅಲ್ಲಿತನಕ ಅದು ತಳಾ ಹಿಡಿದು ಖಳಿಯಂಗ ಗಟ್ಟಿ ಆಗ್ತದ್ರಿ. ವಾಲ್ ಬ್ಯಾರೆ ಕೆಳಗ ಅದ."

"ಬಾಳ್ಯಾ, ಊರಿಗೆಲ್ಲಾ ದಿನಾ ತೆಗೆದು ಕೊಡಾಂವ ನಾ. ನನಗ ನೀ ದಿನಾ ಹೇಳ್ತಿ?"

ಬಾಳು ಕೈ ಒರೆಸಿಕೊಂಡ. ನೀವು ದಿನ ನೋಡ್ರಿ, ಗಾಲಿ ನಾ ನೋಡ್ತೀನಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ತಂಗಿಯ ಲಗ್ನದ ದಿನ ಇನ್ನೂ ಪಂಚಯ್ಯನಿಂದಲೇ ತೆಗೆಸಬೇಕಿತ್ತು.

ಸೈಕಲ್ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿತು. ಮೇ ತಿಂಗಳ ಬಿಸಿಲು ಬೆಳಿಗ್ಗೆ ಹತ್ತಕ್ಕೆ ಅದರ ಮೇಲೆ ಬಿದ್ದರೆ ಸಂಜೆಯವರೆಗೆ ಇಳಿಯುತ್ತಿರಲಿಲ್ಲ. ಪಂಚಯ್ಯ ದಿನಾ ಪೂಜೆ ಮುಗಿಸಿ ಹ್ಯಾಂಡಲ್ಲಿಗೆ ಒಂದು ಬೊಟ್ಟು ವಿಭೂತಿ ಹಚ್ಚುತ್ತಿದ್ದ. ಸುಡುವ ರಬ್ಬರನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಅನುಸೂಯಾಬಾಯಿ ಕನಿಷ್ಠ ನೆರಳಿಗಾದರೂ ತಳ್ಳಿ ನಿಲ್ಲಿಸಿ ಅಂದಳು. ತಳ್ಳಿದರೆ ಗಾಲಿ ತಿರುಗುತ್ತದೆ ಅಂದ. ಹಾಗಾದರೆ ಎತ್ತಿಕೊಂಡು ಹೋಗಿ ಅಂದಳು. ಅದಕ್ಕೆ ಅವನ ಬಳಿ ಶಾಸ್ತ್ರವಿರಲಿಲ್ಲ, ಸೊಂಟ ನೋವಿತ್ತು.

ಇಪ್ಪತ್ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಸೂರ್ಯಕಾಂತನ ಫೋನು ಬಂತು. ಶೇವಂತಾಬಾಯಿ ಬೆಳಗಿನ ಜಾವ ಹೋಗಿದ್ದಳು. ಮಳೆಯಿಲ್ಲದ ಸೆಕೆ, ಹೆಣ ಇಡುವಂತಿರಲಿಲ್ಲ. ಹನ್ನೊಂದಕ್ಕೆ ಎತ್ತುತ್ತೇವೆ, ಅದರೊಳಗೆ ಪಾದ ಆಗಬೇಕು ಅಂದ. ಪಂಚಯ್ಯ ಬಂದೇ ಬರುತ್ತೇನೆ ಅಂದ.

ಸಾವಿಗೆ ಅಧಿಕ ಮಾಸದ ಅಡ್ಡಿಯಿಲ್ಲ. ಆದರೆ ಹೊಸ ಔಷಧದ ಗಾಲಿ ಮೊದಲ ಸುತ್ತು ತಿರುಗುವುದು ಹೆಣದ ಮನೆಗೆ ಎಂಬುದು ಅವನನ್ನು ಕೊರೆಯಿತು. ದಾರಿಯಲ್ಲಿ ಮೊದಲು ದೇವಸ್ಥಾನಕ್ಕೆ ಸುತ್ತು ಹಾಕಿ ಆಮೇಲೆ ದಾಳಿಂಬಕ್ಕೆ ತಿರುಗಿದರೆ ಮೊದಲ ಸುತ್ತು ದೇವರದಾಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಸ್ನಾನ, ಲಿಂಗಪೂಜೆ ಮುಗಿಯುವಾಗ ಒಂಬತ್ತೂಕಾಲು. ಅವಸರ ಮಾಡಿರೆಂದು ಅನುಸೂಯಾಬಾಯಿ ಎರಡು ಸಲ ಬಾಗಿಲಿಗೆ ಬಂದು ಹೋದಳು. ಪೂಜೆಯಲ್ಲಿ ಮಾತಾಡಬಾರದೆಂದು ಅವನು ಕೈಸನ್ನೆ ಮಾಡಿದ.

ಎರಡೂ ಗಾಲಿಗಳ ಗಾಳಿ ಅರ್ಧ ಇಳಿದಿತ್ತು. ಪಂಪ್ ಹಚ್ಚಿದ, ಹಿಡಿಕೆ ಕೆಳಗಿಳಿಯಲಿಲ್ಲ. ಗೋಡೆಗೆ ಗಾಳಿ ಹೊಡೆದ ಹಾಗಿತ್ತು. ಬಾಳುವಿಗೆ ಹೇಳಿ ಕಳಿಸಿದರು. ಅವನು ಬಂದು ವಾಲು ಬಿಚ್ಚಿದ. ಒಳಗೆ ಹಸಿರು ಲೋಳೆ ಒಣಗಿ ಬೂಚು ಹಾಕಿದಂತಾಗಿತ್ತು. ತಂತಿ ಹಾಕಿ ಕೆದಕಿ, ಹೇಗೋ ಗಾಳಿ ಏರಿಸಿದ. ಹತ್ತು ಆಗಿಹೋಯಿತು.

ಔಷಧ ಒಂದು ಕಡೆ ಗಡ್ಡೆಯಾಗಿದೆ, ಮುಳ್ಳು ಬಡಿದರೆ ಇದು ಮುಚ್ಚುವುದಿಲ್ಲ, ಆಟೋಕ್ಕೆ ಹೋಗಿ ಎಂದು ಬಾಳು ಹೇಳಿದ. ತಾನೇ ನಿಲ್ಲಿಸಿ ಕೊಡುತ್ತೇನೆ ಅಂದ. ಪಂಚಯ್ಯ ಧೋತರದ ಚುಂಗು ಎತ್ತಿ ಕಟ್ಟಿ ಸೈಕಲ್ ಹತ್ತಿದ. ದೇವಸ್ಥಾನದ ಮುಂದೆ ಒಂದು ಸುತ್ತು ಹಾಕಿದ. ಅದನ್ನು ಮಾತ್ರ ಮರೆಯಲಿಲ್ಲ.

ಗಾಲಿ ಸುತ್ತಿಗೊಮ್ಮೆ ಧಪ್ ಎನ್ನುತ್ತಿತ್ತು. ಗಡ್ಡೆ ಕೆಳಗೆ ಬಂದಾಗಲೆಲ್ಲ ಸೀಟು ಅವನನ್ನು ಒಂದಿಷ್ಟು ಎತ್ತಿ ಇಳಿಸುತ್ತಿತ್ತು. ಹೊಲದ ದಾರಿಗೆ ಇಳಿದು ಮೂರು ಕಿಲೋಮೀಟರು ಸಾಗಿರಬಹುದು, ಹಿಂದಿನ ಗಾಲಿಗೆ ಮುಳ್ಳು ಬಡಿಯಿತು. ಗಟ್ಟಿಯಾದದ್ದು ಗಟ್ಟಿಯಾಗಿ ಕೂತಲ್ಲೇ ಉಳಿಯಿತು. ಬೇರ್ಪಟ್ಟು ಉಳಿದಿದ್ದ ಹಸಿರು ನೀರು ಮಾತ್ರ ತೂತಿನಿಂದ ಸಿಡಿದು ಮಡಿ ಧೋತರದ ಹಿಂಭಾಗಕ್ಕೆ ಬಡಿಯಿತು. ಗಾಳಿ ಸುಯ್ ಎಂದು ಹೋಯಿತು. ಅವನ ಚೀಲದಲ್ಲಿ ತೇಪೆ, ಸೊಲ್ಯೂಷನ್ ಎಲ್ಲ ಇದ್ದವು. ಟ್ಯೂಬು ಎಳೆದು ತೇಪೆ ಹಚ್ಚಿದ. ಲೋಳೆ ಅಂಟಿದ ರಬ್ಬರಿಗೆ ತೇಪೆ ಹಿಡಿಯಲಿಲ್ಲ, ಬೆರಳಿನ ಜೊತೆಗೇ ಎದ್ದು ಬಂತು. ಧೋತರದಿಂದ ಒರೆಸಿ ಇನ್ನೊಮ್ಮೆ ಹಚ್ಚಿದ. ಎದ್ದು ಬಂತು.

ಸೈಕಲ್ ತಳ್ಳಿಕೊಂಡು ಹೆದ್ದಾರಿಗೆ ಬಂದ. ಅಲ್ಲಿಂದ ದಾಳಿಂಬ ಎಷ್ಟೂ ದೂರವಿಲ್ಲ ಎಂದು ಅಂದುಕೊಂಡ. ನಾಲ್ಕು ಕಿಲೋಮೀಟರಿತ್ತು. ಒಂದು ಶೇರ್ ಆಟೋ ಪಕ್ಕಕ್ಕೆ ಬಂದು ನಿಂತಿತು. ಒಳಗಿನಿಂದ ತರಕಾರಿ ಮಾರುವ ರಂಭಾಬಾಯಿ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದಳು.

"ಬರ್ರಿ ಅಯ್ನೋರ, ಸಾವುಕಾರರ ಮನಿಗಿ ತಾನೆ? ಸೈಕಲ್ ಮ್ಯಾಲ ಕಟ್ಟತಾನ. ಐದ್ ಮಿನಿಟಿನ ಹಾದಿ."

ಪಂಚಯ್ಯ ಗಡಿಯಾರ ನೋಡಿದ. ಹತ್ತೂ ಮುಕ್ಕಾಲು. ಹತ್ತಿದ್ದರೆ ಮುಟ್ಟುತ್ತಿದ್ದ. ಹಿಂಭಾಗದಲ್ಲಿ ಹಸಿರು ಕಲೆ, ಮೊಣಕೈವರೆಗೆ ಲೋಳೆ, ಕೈಯಲ್ಲಿ ಸತ್ತ ಸೈಕಲ್. ಇಷ್ಟೆಲ್ಲ ಆದಮೇಲೂ ತನ್ನ ಮಡಿ ಇನ್ನೂ ಉಳಿದಿದೆ ಎಂದು ಅವನು ಭಾವಿಸಿದ್ದ. ನಡಿ ಮುಂದ ಎಂದು ಕೈ ಬೀಸಿದ. ರಂಭಾಬಾಯಿ ಬುಟ್ಟಿಯನ್ನು ಮತ್ತೆ ಪಕ್ಕಕ್ಕಿಟ್ಟು, ಅಯ್ಯನೋರಿಗೆ ಹೆಣಕ್ಕಿಂತ ಅವಸರ ಕಮ್ಮಿ ಅದ ಎಂದು ಡ್ರೈವರನಿಗೆ ಹೇಳಿದ್ದು ಅವನಿಗೂ ಕೇಳಿಸಿತು.

ಅವನು ಮುಟ್ಟಿದಾಗ ಹನ್ನೆರಡಾಗುತ್ತ ಬಂದಿತ್ತು. ಶೇವಂತಾಬಾಯಿ ಮಣ್ಣಿಗೆ ಹೋಗಿಯಾಗಿತ್ತು. ಗಂಡಸರು ಹೊಲದಿಂದ ತಿರುಗಿ ಬಂದು ಕಾಲು ತೊಳೆಯುತ್ತಿದ್ದರು. ರೇಣುಕಾಪ್ರಸಾದ ಮೋಟಾರ್ ಸೈಕಲ್ಲಿನ ಮೇಲೆ ಕೂತು ಫೋನಿನಲ್ಲಿ ಇನ್ನೊಂದು ಮನೆಗೆ ಹೊತ್ತು ಕೊಡುತ್ತಿದ್ದ. ಪಂಚಯ್ಯನನ್ನು ಕಂಡು ತಲೆ ಬಾಗಿಸಿದ, ಫೋನು ಕಿವಿಯಿಂದ ತೆಗೆಯಲಿಲ್ಲ.

ಪಂಚಯ್ಯ ಸೂರ್ಯಕಾಂತನಿಗೆ ಎಲ್ಲ ವಿವರಿಸಿ ಹೇಳಿದ. ನಿಮ್ಮ ಮನೆಗೆ ಹೊತ್ತಿಗೆ ಮುಟ್ಟಬೇಕೆಂದೇ ಉದಗೀರದಿಂದ ಜೆಲ್ ತರಿಸಿ ತುಂಬಿಸಿದ್ದು, ಮಾಸವೆಂದು ತಿರುಗಿಸದೆ ಇಟ್ಟದ್ದು. ತಾನು ಎಷ್ಟು ಕಟ್ಟುನಿಟ್ಟು ಎಂದು ಇದರಿಂದ ಗೊತ್ತಾಗಲಿ ಎಂಬ ಆಸೆ ಅವನ ದನಿಯಲ್ಲಿತ್ತು. ಸೂರ್ಯಕಾಂತ ಕಾಲು ತೊಳೆದು ಮುಗಿಸಿ ತಂಬಿಗೆ ಕೆಳಗಿಟ್ಟ.

"ನನ್ನ ಪಿಕಪ್ ಉದಗೀರದಾಗ ನಿಲ್ಲಿಸಿದ್ರಿ. ನಿಮ್ಮ ಸೈಕಲ್ಲಿಗಿ ಔಷಧ ಹಾಕ್ಕೊಂಡ್ರಿ."

"ಹಾಕೋದು ಆರಂಭ ಅಲ್ಲ ಸೂರ್ಯಕಾಂತ. ನಾ ತಿರುವಿಲ್ಲ."

"ತಿರುವಿದ್ರ ಬಂದು ಮುಟ್ಟತಿದ್ರಿ."

ಸುತ್ತ ನಿಂತಿದ್ದ ಭಾವಕಿಯವರಲ್ಲಿ ಒಬ್ಬ ನಕ್ಕ. ಸಾವಿನ ಮನೆಯಾದ್ದರಿಂದ ಕೆಮ್ಮಿದ ಹಾಗೆ ಮಾಡಿದ. ಪಂಚಯ್ಯ ಮೂರನೆಯ ದಿನದ ಕಾರ್ಯಕ್ಕೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ. ಸೂರ್ಯಕಾಂತ ರೇಣುಕಾಪ್ರಸಾದನ ಕಡೆ ನೋಡಿದ. ಅವನು ಫೋನಿನ ಮೇಲೆ ಕೈ ಮುಚ್ಚಿ, ತಾನು ಏಳೂವರೆಗೆ ಬರುತ್ತೇನೆ ಅಂದ.

ಮೂರನೆಯ ದಿನವೇ ಸೂರ್ಯಕಾಂತ ಪಿಕಪ್ಪಿನ ಮಾತು ತೆಗೆದ. ವ್ಯಾಪಾರದ ಗಾಡಿಗೆ ಅಧಿಕ ಮಾಸ ತಾಗುವುದಿಲ್ಲ ಎಂದು ರೇಣುಕಾಪ್ರಸಾದ ಹೇಳಿದ. ಯಾವ ಆಧಾರದ ಮೇಲೆ ಎಂದು ಯಾರೂ ಕೇಳಲಿಲ್ಲ. ಸಂಜೆಗೆ ಗಾಡಿ ಉದಗೀರದಿಂದ ಬಂತು. ಬಾನೆಟ್ಟಿನ ಮೇಲೆ ರೇಣುಕಾಪ್ರಸಾದ ಕಾಯಿ ಒಡೆದ. ಪಂಚಯ್ಯ ಇದನ್ನು ಕೇಳಿ, ಆ ಗಾಡಿ ಬಾಳುವುದಿಲ್ಲ ಎಂದು ಮನೆಯಲ್ಲಿ ಭವಿಷ್ಯ ಹೇಳಿದ. ಗಾಡಿ ಈಗಲೂ ವಾರಕ್ಕೆರಡು ಸಲ ಯೆಣೆಗೂರಿನ ಮೇಲೆ ಹಾಯ್ದು ಹೋಗುತ್ತದೆ.

ಸೂರ್ಯಕಾಂತನ ಮನೆ ಆ ದಿನವೇ ಪಂಚಯ್ಯನ ಕೈಬಿಟ್ಟು ಹೋಯಿತು. ಒಂಬತ್ತು ಮನೆಗಳು ತಿಂಗಳೊಳಗೆ ಒಂದೊಂದಾಗಿ ಹೋದವು. ಭಾವಕಿಯಲ್ಲಿ ಎಲ್ಲರಿಗಿಂತ ಬಡವನಾದ ದಿಗಂಬರನ ಮನೆ ಶ್ರಾವಣದವರೆಗೆ ತಡೆಯಿತು, ಆಮೇಲೆ ಅದೂ ಹೋಯಿತು. ಹನ್ನೊಂದು ಮನೆ, ಅವುಗಳಲ್ಲಿ ಅರವತ್ಮೂರು ಜನ. ಪಂಚಯ್ಯನಿಗೆ ಉಳಿದದ್ದು ಡಬ್ಬಿಯ ತಳ ಮುಚ್ಚುವ ಯೆಣೆಗೂರಿನ ನಾಲ್ಕು ಮನೆ.