ಜಡೆಯಕ್ಕನ ಗುಟ್ಟಿನ ಆಲ್ಬಮ್

ಜಡೆಯಕ್ಕನ ಅಂಗಡಿಗೆ ಎರಡು ಬಾಗಿಲು. ಬೀದಿ ಕಡೆಯದು ಬಾಚಣಿಗೆ, ಕ್ಲಿಪ್ಪು, ರಬ್ಬರ್ ಬ್ಯಾಂಡು ಕೊಳ್ಳುವವರಿಗೆ. ಹಿಂದಿನ ಓಣಿಯದು ಕೂದಲು ಕೊಳ್ಳುವವರಿಗೆ. ವಿಗ್ ಕಟ್ಟುವುದರಲ್ಲಿ ಅವಳ ಕೈ ಎಂಥದ್ದು ಅಂತೀರಿ! ಬಲೆಯ ಮೇಲೆ ಒಂದೊಂದೇ ಎಳೆ ಗಂಟು ಹಾಕಿ, ಬೈತಲೆ ತೆಗೆದು, ನೆತ್ತಿಯ ಸುಳಿಯನ್ನೂ ಬಿಡದೆ ಕೂರಿಸಿದಳೆಂದರೆ, ಹೆತ್ತ ತಾಯಿಯೇ ಬಂದರೂ ಇದು ನನ್ನ ಮಗನ ಕೂದಲಲ್ಲ ಅನ್ನಲಾರಳು. ಆದರೆ ಏನು ಬಂತು? ಟೈಲರು ತಾನು ಹೊಲಿದ ಕೋಟು ತೋರಿಸಿಕೊಂಡು ಓಡಾಡಬಹುದು, ಬಡಗಿ ತನ್ನ ಕುರ್ಚಿ ತೋರಿಸಬಹುದು. ಇವಳ ಕೆಲಸ ಚೆನ್ನಾಗಿದೆ ಅಂದರೆ ಅದು ಯಾರ ಕಣ್ಣಿಗೂ ಬೀಳಬಾರದು. ಗಿರಾಕಿಗಳು ಎದುರಾದರೆ ಗುರುತೇ ಇಲ್ಲದವಳ ಹಾಗೆ ಹೋಗಬೇಕು. ಅವರ ಫೋಟೋಗೆ ಒಂದು ಲೈಕ್ ಒತ್ತಿದರೂ, ಈ ವಿಗ್ಗಿನವಳಿಗೂ ಅವರಿಗೂ ಏನಪ್ಪಾ ನಂಟು ಅಂತ ಜನ ಕಿವಿ ನಿಮಿರಿಸುತ್ತಾರೆ.

ಹೊಟ್ಟೆಯೊಳಗೆ ಎಷ್ಟಂತ ಇಟ್ಟುಕೊಳ್ಳೋದು? ಅದಕ್ಕೇ ಅವಳು ತನ್ನ ಪ್ರೊಫೈಲಿನಲ್ಲಿ ಒಂದು ಗುಟ್ಟಿನ ಆಲ್ಬಮ್ ಮಾಡಿಕೊಂಡಿದ್ದಳು. ಗಿರಾಕಿಗಳು ಹಾಕಿದ ಫೋಟೋಗಳನ್ನು ಇಳಿಸಿಕೊಂಡು ‘ನನ್ನ ಕೈಕೆಲಸ’ ಅಂತ ಬರೆದು ಏರಿಸುವುದು. ಯಾರು ನೋಡಬಹುದು ಅಂತ ಫೋನು ಕೇಳಿದರೆ ‘ನಾನು ಮಾತ್ರ’ ಅನ್ನುವುದನ್ನು ಒತ್ತುವುದು. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಒಬ್ಬಳೇ ಕೂತು ನೋಡಿ ಹಿಗ್ಗುವುದು. ಅಷ್ಟೇ ಅವಳ ದುರಭ್ಯಾಸ.

ಅವತ್ತು ಸಿಕ್ಕಿದ್ದು ಮಾತ್ರ ಅಪರೂಪದ ಫೋಟೋ. ಡ್ರೈವಿಂಗ್ ಮೇಷ್ಟ್ರು ಮತ್ತು ಅಂಚೆಮ್ಮನ ಮದುವೆಯದ್ದು. ಮೇಷ್ಟ್ರು ಕಾರು ಕಲಿಸುವವರು, ಅಂಚೆಮ್ಮ ಅಂಚೆ ಕಚೇರಿಯ ಕೌಂಟರಿನಾಕೆ. ಇಬ್ಬರೂ ಐವತ್ತರ ಹತ್ತಿರ ಬಂದ ಮೇಲೆ ಸಿಕ್ಕವರು. ಅವಳು ಕಾರು ಕಲಿಯಲು ಹೋದಳು. ಎಂಥ ಸೆಕೆಯಿದ್ದರೂ ಗಾಜು ಇಳಿಸೋದು ಬೇಡ ಅಂದಳು. ಮೇಷ್ಟ್ರಿಗೂ ಗಾಜು ಇಳಿಸುವುದು ಬೇಡವೇ ಬೇಡ. ಹೀಗೆ ಬೆವರಿಕೊಂಡೇ ಮನಸ್ಸು ಕೂಡಿತು, ಮದುವೆಯೂ ಆಯಿತು. ಗಾಳಿ ಕಂಡರೆ ಇಬ್ಬರಿಗೂ ಯಾಕೆ ಆಗದು ಅನ್ನುವುದು ಜಡೆಯಕ್ಕನೊಬ್ಬಳಿಗೇ ಗೊತ್ತು. ಆ ಫೋಟೋದಲ್ಲಿದ್ದ ಎರಡು ತಲೆಯೂ ಅವಳ ಕೈಕೆಲಸವೇ. ಗಂಡನದು ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯದು ಗಂಡನಿಗೆ ಗೊತ್ತಿಲ್ಲ. ಇಬ್ಬರೂ ಬೇರೆ ಬೇರೆ ದಿನ ಓಣಿಯ ಬಾಗಿಲಿಂದ ಕಳ್ಳರ ಹಾಗೆ ಬಂದು, ‘ಅಕ್ಕಾ, ನಮ್ಮ ಮನೆಯಲ್ಲಿ ಮಾತ್ರ ಗೊತ್ತಾಗಬಾರದು’ ಅಂತ ಕೈಹಿಡಿದುಕೊಂಡು ಹೋಗುತ್ತಿದ್ದರು. ಅವಳೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮದುವೆಯ ದಿನದ ನೆನಪಿಗೆ ಅಂಚೆಮ್ಮ ಹಾಕಿದ್ದ ಆ ಫೋಟೋವನ್ನು ಜಡೆಯಕ್ಕ ಆಸೆಯಿಂದ ಇಳಿಸಿಕೊಂಡಳು. ‘ನನ್ನ ಕೈಕೆಲಸ’ ಅಂತ ಬರೆದಳು. ಇವರ ಹೆಸರು ಟ್ಯಾಗ್ ಮಾಡಲೇ ಅಂತ ಫೋನು ಕೇಳಿತು. ಮಾಡಪ್ಪಾ ಮಾಡು, ನೋಡುವವಳು ನಾನೊಬ್ಬಳೇ ತಾನೇ ಅಂತ ಇಬ್ಬರದನ್ನೂ ಒತ್ತಿದಳು. ಬೆಳಿಗ್ಗೆ ತಾನೇ ಅಂಗಡಿಯ ಹೊಸ ಬೋರ್ಡಿನ ಫೋಟೋವನ್ನು ‘ಎಲ್ಲರೂ’ ನೋಡಲಿ ಅಂತ ಹಾಕಿದ್ದಳು. ಫೋನು ಅದನ್ನೇ ನೆನಪಿಟ್ಟುಕೊಂಡಿತ್ತು. ಆ ಕಡೆ ಅವಳ ಕಣ್ಣು ಹೋಗಲೇ ಇಲ್ಲ.

ಕಾಲು ಗಂಟೆಯಲ್ಲಿ ಫೋನು ಟಿಣ್ ಅಂದಿತು. ಪಕ್ಕದ ಬೇಕರಿಯವನ ಲೈಕು. ಕೆಳಗೆ, ‘ಸೂಪರ್ ಅಕ್ಕಾ! ಹೂವಿನ ಅಲಂಕಾರ ನೀವೇ ಮಾಡಿದ್ದಾ?’

ತಾನೊಬ್ಬಳೇ ನೋಡುವ ಫೋಟೋ ಬೇಕರಿಯವನಿಗೆ ಹೇಗೆ ಕಂಡಿತು? ಜಡೆಯಕ್ಕ ತೆರೆದು ನೋಡಿದರೆ ‘ಎಲ್ಲರೂ’ ಅಂತಿತ್ತು. ಅಯ್ಯೋ ನನ್ನ ಕರ್ಮವೇ ಅಂತ ತಕ್ಷಣ ಫೋಟೋ ಅಳಿಸಿದಳು. ಟ್ಯಾಗ್ ಮಾಡಿದ ಸುದ್ದಿ ಹೋಗಬೇಕಾದವರಿಗೆ ಆಗಲೇ ಹೋಗಿತ್ತಲ್ಲ! ಪಾಪ, ಇಷ್ಟು ತಡವಾಗಿ ಒಂದಾದವರು. ತನ್ನ ಒಂದು ಬೆರಳಿಂದ ಅವರ ಸಂಸಾರ ಹಾಳಾದರೆ ಯಾವ ಮುಖ ಇಟ್ಟುಕೊಂಡು ಬದುಕುವುದು?

ಓಣಿಯ ಬಾಗಿಲಲ್ಲಿ ದಡಬಡ ಸದ್ದಾಯಿತು. ಮೇಷ್ಟ್ರು ಏದುಸಿರು ಬಿಡುತ್ತಾ ಒಳಗೆ ಬಂದರು.

“ಏನಕ್ಕಾ ಇದು, ಹಿಂಗಾ ಮಾಡೋದು? ನನ್ನೊಬ್ಬನ್ನೇ ಟ್ಯಾಗ್ ಮಾಡಿದ್ದಿದ್ರೆ ಹೋಗ್ಲಿ ಅಂತಿದ್ದೆ. ನನ್ನ ಹೆಂಡ್ತೀನೂ ಮಾಡಿದ್ದೀರಲ್ಲ! ಅವಳು ನೋಡಿದ್ರೆ ನನ್ನ ಗತಿಯೇನು?”

“ಅಳಿಸಿಬಿಟ್ಟೆ ಮೇಷ್ಟ್ರೇ. ತಪ್ಪಾಯ್ತು, ಖಂಡಿತ ತಪ್ಪಾಯ್ತು.”

“ಅವಳು ಆಗ್ಲೇ ನೋಡಿದ್ರೆ?”

ಜಡೆಯಕ್ಕ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬಾಗಿಲು ಧಡಾರನೆ ತೆರೆದುಕೊಂಡಿತು. “ಅಕ್ಕಾ! ಎಲ್ಲಿದ್ದೀರಾ?” ಅಂಚೆಮ್ಮನ ದನಿ. ಮೇಷ್ಟ್ರು ಅಲ್ಲಾಡದೆ ನಿಂತುಬಿಟ್ಟರು. ಜಡೆಯಕ್ಕ ಅವರನ್ನು ಸ್ಟೂಲಿನ ಮೇಲೆ ಒತ್ತಿ ಕೂರಿಸಿ, ಪರದೆ ಎಳೆದು, ಮುಂದಿನ ಅಂಗಡಿಗೆ ಓಡಿದಳು.

“ನಿಮಗೇನು ಬುದ್ಧಿ ಗಿದ್ಧಿ ಇದೆಯಾ ಅಕ್ಕಾ?” ಅಂಚೆಮ್ಮನ ಕಣ್ಣಲ್ಲಿ ನೀರು. “ನಮ್ಮೆಜಮಾನರನ್ನೂ ಟ್ಯಾಗ್ ಮಾಡಿದ್ದೀರಲ್ಲ! ಅವರು ನೋಡಿ ನನ್ನ ಕೂದಲು—”

“ಶ್! ಮೆಲ್ಲಗೆ ಮಾತಾಡಮ್ಮ!”

“ಇನ್ನೇನು ಮೆಲ್ಲಗೆ?”

ಬೇರೆ ದಾರಿ ಕಾಣದೆ ಜಡೆಯಕ್ಕ ಹೇರ್ ಡ್ರೈಯರ್ ಎತ್ತಿಕೊಂಡು ಜೋರಾಗಿ ಹಾಕಿದಳು. ಪರದೆಯಾಚೆ ಮಾತು ಕೇಳದಿರಲಿ ಅಂತ. ಆದದ್ದು ತದ್ವಿರುದ್ಧ. ಡ್ರೈಯರಿನ ಗದ್ದಲಕ್ಕೆ ಅಂಚೆಮ್ಮ ದನಿ ಏರಿಸಿದಳು, ಆಚೆ ಬೀದಿಗೂ ಕೇಳುವ ಹಾಗೆ.

“ದಿನಾ ಬೆಳಿಗ್ಗೆ ಕಾಫಿ ಕುಡೀತಾ, ಎಷ್ಟು ದಟ್ಟ ಕೂದಲು ಕಣೆ ನಿಂದು ಅಂತಾರೆ! ಕೇಳಿದಾಗೆಲ್ಲ ಕರುಳು ಹಿಂಡಿದ ಹಾಗಾಗುತ್ತೆ! ಕ್ಲಿಪ್ ಹಾಕಿಕೊಂಡ ಕೂದಲು ಅಂತ ಹ್ಯಾಗಕ್ಕಾ ಹೇಳಲಿ? ನನ್ನನ್ನ ಬಿಟ್ಟು ಹೋಗಲ್ಲ ಅವರು, ಅಂಥವರಲ್ಲ. ಆದ್ರೆ ಆ ಮಾತು ಹೇಳೋದು ನಿಲ್ಲಿಸಿಬಿಡ್ತಾರೆ!”

ಜಡೆಯಕ್ಕ ಡ್ರೈಯರ್ ಆರಿಸಿದಳು. ಪರದೆಯ ಹಿಂದಿಂದ ಚರ್ರ್ ಅಂತ ವಿಗ್ಗಿನ ಟೇಪು ಕಿತ್ತ ಸದ್ದು ಬಂತು.

ಪರದೆ ಸರಿಯಿತು. ಮೇಷ್ಟ್ರು ನಿಂತಿದ್ದರು. ತಲೆ ಬೋಳು. ಅಲ್ಲಿದ್ದದ್ದು ಕೈಯಲ್ಲಿತ್ತು.

ಅಂಚೆಮ್ಮ ಗಂಡನ ಮುಖ ನೋಡಿದಳು, ತಲೆ ನೋಡಿದಳು, ಕೈ ನೋಡಿದಳು. “ಅಂದ್ರೆ... ರಾತ್ರಿ ಟೋಪಿ ಹಾಕ್ಕೊಂಡು ಮಲಗ್ತಿದ್ದದ್ದು ಶೀತಕ್ಕಲ್ವಾ ರೀ?”

“ನೀನು ಸ್ಕಾರ್ಫ್ ಕಟ್ಟಿಕೊಳ್ತಿದ್ದದ್ದು ತಲೆನೋವಿಗೆ ಅಂದಿದ್ದೆ!”

ಅಂಚೆಮ್ಮನೇ ಮೊದಲು ನಕ್ಕಳು. ಆ ನಗು ಹತ್ತಿಕೊಂಡಿತು ನೋಡಿ, ಮೇಷ್ಟ್ರು ಗೋಡೆ ಹಿಡಿದುಕೊಂಡು ನಕ್ಕರು, ಜಡೆಯಕ್ಕ ಬಾಚಣಿಗೆಯ ಡಬ್ಬಿ ಉರುಳಿಸಿಕೊಂಡು ನಕ್ಕಳು. ಅಂಚೆಮ್ಮ ನಗುತ್ತಲೇ ನೆತ್ತಿಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ, ತನ್ನದನ್ನೂ ಗಂಡನ ಕೈಗೆ ಕೊಟ್ಟಳು. ಬೆಳ್ಳಗೆ ಕಾಣುತ್ತಿದ್ದ ಅವಳ ನೆತ್ತಿಯನ್ನು ಮೇಷ್ಟ್ರು ನೋಡಿದರು. ಅವರ ನಗು ನಿಂತಿತು. ಎರಡೂ ವಿಗ್ಗನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ ಅಲ್ಲಿ ಕೈಯಿಟ್ಟರು. ಅವಳು ಕಣ್ಣು ಮುಚ್ಚಿದಳು.

“ಎಲ್ಲಾ ಗೊತ್ತಿದ್ದೂ ಒಂದು ಮಾತು ಬಿಟ್ಟುಕೊಡಲಿಲ್ಲವಲ್ಲ ಅಕ್ಕಾ, ಎಂಥ ಗಟ್ಟಿಗಿತ್ತಿ ನೀವು!” ಅಂದರು ಮೇಷ್ಟ್ರು.

“ಬಾಯಿ ಗಟ್ಟಿನೇ ಮೇಷ್ಟ್ರೇ, ಬೆರಳೇ ಕೈಕೊಟ್ಟಿದ್ದು,” ಅಂದಳು ಜಡೆಯಕ್ಕ ಕಣ್ಣೊರೆಸಿಕೊಳ್ಳುತ್ತಾ. ಅವಳ ಎದೆ ಹೂವಿನಷ್ಟು ಹಗುರಾಗಿತ್ತು.

ಇಬ್ಬರೂ ಬೀದಿಯ ಬಾಗಿಲಿಂದಲೇ ಹೊರಟರು. ಮೇಷ್ಟ್ರು ಬೋಳುತಲೆಯಲ್ಲಿ, ಅಂಚೆಮ್ಮ ಕೈಗೆ ಸಿಕ್ಕಷ್ಟು ಕೂದಲು ಕಟ್ಟಿಕೊಂಡು. ಮೇಜಿನ ಮೇಲೆ ಎರಡೂ ವಿಗ್ಗು ಒಂದರ ಮೇಲೊಂದು ಬಿದ್ದಿದ್ದವು.

“ಅಯ್ಯೋ, ಇಲ್ಲೇ ಬಿಟ್ಟು ಹೋಗ್ತಿದ್ದೀರಲ್ಲ!” ಜಡೆಯಕ್ಕ ಬಾಗಿಲಿಗೆ ಓಡಿ ಬಂದು ಕೂಗಿದಳು.

ಅಂಚೆಮ್ಮ ತಿರುಗಿ ನೋಡಿದಳು. “ತೊಳೆದಿಟ್ಟಿರಿ ಅಕ್ಕಾ. ಶನಿವಾರ ಬಂದು ತಗೊಂಡು ಹೋಗ್ತೀವಿ, ಇಬ್ಬರೂ ಒಟ್ಟಿಗೆ.”