ರಾಯಭಾರಿಯ ಕೋಟು ತೊಟ್ಟವರು

ನಮ್ಮವರು, ಡಾಕ್ಟರ್ ರಾಮಲಿಂಗಪ್ಪ, ಯಾರ ಕೈ ಕುಲುಕಿದರೂ ಬೆರಳು ಜಾರಿ ನಾಡಿಯ ಮೇಲೆ ಕೂರುತ್ತಿತ್ತು. ೧೯೯೬ರ ಆ ಗುರುವಾರ ಬೆಳಿಗ್ಗೆಯೂ ನಾನು ಕರಿ ಕೋಟಿಗೆ ಗುಂಡಿ ಹೊಲಿದು ಕೊಟ್ಟಾಗ, ಕೋಟು ಬಿಟ್ಟು ನನ್ನ ಮಣಿಕಟ್ಟು ಹಿಡಿದು ಎಣಿಸಿದರು. "ನೋಡು, ಚೆನ್ನಾಗಿದೀಯ" ಎಂದರು.

ಮೈಸೂರಿನಲ್ಲಿ ಅವರು ಡಾಕ್ಟರು. ಇಲ್ಲಿ, ಈ ಡಾಲರ್ ದೇಶದಲ್ಲಿ, ಡಾಕ್ಟರಿಕೆಗೆ ಬೇಕಾದ ಪರೀಕ್ಷೆ ಎರಡು ಸಲ ಬರೆದರು, ಪಾಸಾಗಲಿಲ್ಲ. ನಾವಿರುವ ಊರು ಕೊಲಂಬಿಯಾದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ ಮನೆಯನ್ನು ಕಾಪಾಡಿ ಇಟ್ಟಿದ್ದಾರೆ. ಈ ದೇಶ ಹುಟ್ಟಿದ ಹೊಸತರಲ್ಲಿ ಅಲ್ಲೊಬ್ಬ ಡಾಕ್ಟರು ಇದ್ದರಂತೆ, ಡಾಕ್ಟರಿಕೆ ಬಿಟ್ಟು ಹಡಗು ಹತ್ತಿ ಪರದೇಶದ ಅರಮನೆಗೆ ರಾಯಭಾರಿಯಾಗಿ ಹೋದರಂತೆ. ನಮ್ಮವರು ಆ ಮನೆಯಲ್ಲಿ ಕೆಲಸಕ್ಕೆ ಸೇರಿ, ಹನ್ನೊಂದು ವರ್ಷ ಆತನಂತೆ ಕರಿ ಕೋಟು ತೊಟ್ಟು, ನೋಡಲು ಬಂದವರಿಗೆ ಆತನ ಕಥೆ ಹೇಳಿದರು. ಎದೆ ಮುಂದೆ, ಕೈ ಹಿಂದೆ. ನಡಿಗೆಯೂ ಆತನದೇ ಆಗಿಹೋಗಿತ್ತು. ಸಂಜೆ ಮನೆಯಲ್ಲೂ ಅದೇ ಕಥೆ. ಕೇಳುತ್ತ ಕೇಳುತ್ತ ಕಾರ್ಪೆಟ್ಟಿನ ಕೆಳಗೆ ನೀರು ಅಲುಗಿದಂತಾಗಿ, ಮಂಜಿನಲ್ಲಿ ದೂರವಾಗುತ್ತಿರುವುದು ಆ ಡಾಕ್ಟರೋ ಇವರೋ ನನಗೆ ತಿಳಿಯದಾಗುತ್ತಿತ್ತು.

ಆ ಬೆಳಿಗ್ಗೆ ಕೇಳಿದೆ: "ಆತ ಹೋದ್ಮೇಲೆ ಹೆಂಡ್ತಿ ಏನ್ ಮಾಡಿದ್ಲು?"

"ಯಾಕೆ, ನಿಂಗೂ ಹಡಗು ಹತ್ತೋ ಆಸೆನಾ?"

"ನಾನ್ ಹತ್ತಲ್ಲ. ದಡದಲ್ಲಿ ನಿಂತೋಳ ವಿಷ್ಯ ಕೇಳ್ದೆ. ಒಂದಿನಾನೂ ಹೇಳಿಲ್ಲ ನೀವು."

ಅವರು ಬಾಗಿಲಲ್ಲೇ ನಿಂತರು. "ನೋಡು, ನಂಗೂ ಗೊತ್ತಿಲ್ಲ. ಅಲ್ಲಿರೋ ಕಾಗದಪತ್ರ ತೆಗ್ದು ಹುಡುಕ್ತೀನಿ. ಸಂಜೆ ಹೇಳ್ತೀನಿ."

ಸಂಜೆ ಅವರು ಬರಲಿಲ್ಲ. ಮಧ್ಯಾಹ್ನ ಕಥೆ ಹೇಳುತ್ತಲೇ ಕುಸಿದವರು ಹಾಗೇ ತೀರಿಹೋದರು. ಎಲ್ಲರ ನಾಡಿ ಹಿಡಿದವರು, ತಮ್ಮದನ್ನು ನೋಡಿಕೊಳ್ಳಲಿಲ್ಲ.

ಆ ಹೊತ್ತು ಅಲ್ಲಿ ಕಥೆ ಕೇಳುತ್ತಿದ್ದ ಸೆಂಟರ್‌ವಿಲ್ ಊರಿನ ಕನ್ನಡದ ಹುಡುಗಿ ಶೈಲಜಾ ಹತ್ತು ದಿನ ಬಿಟ್ಟು ಮನೆಗೆ ಬಂದಳು.

"ಆಂಟಿ, ಅಂಕಲ್ ಆವತ್ತು ಡಾಕ್ಟರ್ ಬಗ್ಗೆ ಜಾಸ್ತಿ ಹೇಳ್ಲೇ ಇಲ್ಲ. ಅವರ ವೈಫ್ ಸ್ಟೋರಿನೇ ಹೇಳ್ತಿದ್ರು."

"ಏನಂತ?"

"ಡಾಕ್ಟರ್ ಹೋದ್ಮೇಲೂ ಪೇಷೆಂಟ್ಸ್ ಬರ್ತಾನೇ ಇದ್ರಂತೆ. ಆಕೆನೇ ಹಿತ್ತಲಲ್ಲಿ ಗಿಡ ಬೆಳ್ಸಿ, ಕಷಾಯ ಕಾಯ್ಸಿ ಕೊಡ್ತಿದ್ರಂತೆ. ಆಮೇಲೆ ನನ್ ಕಡೆ ತಿರುಗಿ ಕನ್ನಡದಲ್ಲಿ, 'ಇವತ್ತೇ ಗೊತ್ತಾಯ್ತಮ್ಮ, ಮನೇಲಿ ಹೇಳ್ಬೇಕು' ಅಂದ್ರು."

ಇನ್ನೊಬ್ಬರ ಬಾಳನ್ನು ಹೊತ್ತು ತಿರುಗುವ ಗಂಡಸರು ಇಂಥವರೇ. ಊರಿಗೆ ಮೊದಲು ಹೇಳುತ್ತಾರೆ, ಮನೆಗೆ ಆಮೇಲೆ. ನನಗೆ ಆ 'ಆಮೇಲೆ' ಸಿಗಲಿಲ್ಲ. ಮಾತು ಮಾತ್ರ ಸಿಕ್ಕಿತು.

ಆ ಹಳೇ ಮನೆಯ ಹಿತ್ತಲಲ್ಲಿ ಈಗಲೂ ಒಂದು ಪಾತಿ ಇದೆ. ಗಿಡಗಳ ಹೆಸರು ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ, ಜನ ಬರುವ ಮೊದಲು, ಹೋಗಿ ನೀರು ಹಾಕಿ ಬರುತ್ತೇನೆ.