ಪದ್ಯದ ಉಳಿದರ್ಧ

ಹನ್ನೊಂದನೆಯ ಸಲ ನಂಬರು ತಿರುಗಿಸಿದಾಗ ಎಂಗೇಜ್ ಸದ್ದಿನ ಬದಲು ಆ ಕಡೆ ಗಂಟೆ ಹೊಡೆಯಿತು. ಗಂಗರತ್ನಮ್ಮನವರು ಪೂಜೆಗೆ ನಿಲ್ಲುವವರಂತೆ ಸೆರಗು ಹೊದ್ದು ನೆಟ್ಟಗೆ ನಿಂತರು.

"ಅಮ್ಮಾ, ನಿಮ್ಮನೆ ರೇಡಿಯೋ ಸೌಂಡ್ ಕಮ್ಮಿ ಮಾಡ್ಕೊಳಿ, ಇಲ್ಲಿ ಕೂಗುತ್ತೆ," ಎಂದಳು ರೇಡಿಯೋ ಸ್ಟೇಷನ್ನಿನಲ್ಲಿ ಫೋನೆತ್ತುವ ಸುಪ್ರಜಾ.

ಗಂಗರತ್ನಮ್ಮ ಮಗಳ ಕಡೆ ಕೈಸನ್ನೆ ಮಾಡಿದರು. ಕಾಲೇಜಿಗೆ ಹೊರಡಲು ತಲೆ ಬಾಚುತ್ತಿದ್ದ ವಿಶಾಖಾ, "ನೀನೇ ಮಾಡ್ಕೊ. ಆ ಮುದುಕಂಗೆ ನಾನ್ಯಾಕೆ ಸೇವೆ ಮಾಡ್ಲಿ?" ಎಂದು ಕೂತಲ್ಲಿಂದ ಏಳಲಿಲ್ಲ. ಅವರೇ ಫೋನಿನ ವೈರು ಎಳೆದುಕೊಂಡು ಹೋಗಿ ಗುಂಡಿ ತಿರುಗಿಸಿದರು.

ವಿಶಾಖಾ ಮುದುಕ ಎಂದದ್ದು ಶೀನಣ್ಣನವರನ್ನು. ಶೀನಣ್ಣ ಸರ್ಕಾರಿ ರೇಡಿಯೋದಲ್ಲಿ ಇಪ್ಪತ್ತೆರಡು ವರ್ಷ ಜಲಾಶಯದ ನೀರಿನ ಮಟ್ಟ, ತೆಂಗಿನಕಾಯಿ ಕೊಬ್ಬರಿಯ ಧಾರಣೆ ಓದಿ ನಿವೃತ್ತರಾದವರು. ಅಷ್ಟು ವರ್ಷವೂ ಅವರಿಗೊಂದು ಅಭಿಪ್ರಾಯವಿದೆಯೆಂದು ಯಾರೂ ಕೇಳಿರಲಿಲ್ಲ. ಹೊಸ ಎಫ್‌ಎಂ ಶುರುವಾದಾಗ, ಸಿನಿಮಾ ಹಾಡುಗಳ ನಡುವೆ ಒಬ್ಬ ಅಜ್ಜ ಗೊಣಗಿದರೆ ತಮಾಷೆಯಾಗಿರುತ್ತದೆಂದು ಯಾರೋ ಅವರನ್ನು ಕರೆದು ಕೂರಿಸಿದರು. ಎರಡು ವರ್ಷದಲ್ಲಿ ತಮಾಷೆ ಹೋಗಿ ಅಜ್ಜನೇ ಉಳಿದರು. ಬೆಳಿಗ್ಗೆ ಏಳಕ್ಕೆ 'ಹೊಸ್ತಿಲ ಮಾತು' ಶುರುವಾದರೆ ಚಾಮರಾಜಪೇಟೆಯ ಹೋಟೆಲುಗಳಲ್ಲಿ ತಟ್ಟೆ ತೊಳೆಯುವ ಸದ್ದು ಕೂಡ ಕಡಿಮೆಯಾಗುತ್ತಿತ್ತು. ಮೊದಲು ಸ್ಟೀಲು ಲೋಟವನ್ನು ಮೇಜಿಗೆ ಟಣ್ಣೆಂದು ಕುಟ್ಟುವರು. ಒಂದು ಗುಟುಕು ಕಾಫಿ, ಊರಿಗೆಲ್ಲ ಕೇಳುವಂತೆ. ಆಮೇಲೆ ಬಾಣ: "ದೀಪ ಹಚ್ಚೋದು ಹಬ್ಬ ಸ್ವಾಮಿ. ಊದಿ ಆರಿಸೋದು ಯಾವ ಹಬ್ಬ? ಅಪ್ಪನ್ನ ಹೆಸರು ಹಿಡಿದು ಕರೆಯೋ ಮಗ ನಾಳೆ ಅಪ್ಪನ್ನ ಹುಡುಕ್ಕೊಂಡು ಬರ್ತಾನೇನ್ರಿ?" ಒಮ್ಮೆ ಆಡಿದ ಮಾತನ್ನು ಅವರು ತಿದ್ದಿದ್ದಿಲ್ಲ, ಅದೇ ಅವರ ಖ್ಯಾತಿ. ಕೊನೆಗೆ ಹಳೆಯ ಪದ್ಯವೊಂದರ ಮೊದಲರ್ಧವನ್ನು ರಾಗವಾಗಿ ಓದಿ ನಿಲ್ಲಿಸುವರು. ಉಳಿದರ್ಧವನ್ನು ಫೋನಿನಲ್ಲಿ ಓದಿದವರಿಗೆ ಎರಡು ನಿಮಿಷ ಮಾತಾಡಲು ಅವಕಾಶ. ಹೆಸರು, ಬೀದಿ ಹೇಳಲೇಬೇಕು.

ಶೀನಣ್ಣ ಹೇಳುವುದರಲ್ಲಿ ಮುಕ್ಕಾಲು ಪಾಲು ಗಂಗರತ್ನಮ್ಮನವರಿಗೂ ಸರಿ. ವಿಶಾಖಾಳ ಹದಿನೆಂಟನೇ ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದ ಬತ್ತಿ ಇರಲಿಲ್ಲ. ಬುದ್ಧನ ಮುಂದೆ ಎಣ್ಣೆದೀಪ ಉರಿದಿತ್ತು. ಮಗಳು ಅದನ್ನಿನ್ನೂ ಮರೆತಿಲ್ಲ.

ಅಂದು ಮಂಗಳವಾರ, ಗಂಗರತ್ನಮ್ಮನವರ ಅಪ್ಪ ಮಾಯಣ್ಣನವರ ಪುಣ್ಯಸ್ಮರಣೆಯ ದಿನ. ಅಂದೇ ಶೀನಣ್ಣ ಎತ್ತಿಕೊಂಡ ಪದ್ಯದಲ್ಲಿ ದಣಿದ ಅತಿಥಿಯೊಬ್ಬ ಹೊಸ್ತಿಲಾಚೆ ನಿಂತಿದ್ದ. ಉಳಿದರ್ಧದಲ್ಲಿ ಮನೆಯೊಡೆಯ ಬರಿಗಾಲಲ್ಲಿ ಓಡಿಬಂದು ಅವನ ಕೈ ಹಿಡಿಯುತ್ತಾನೆ. ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗ ನಡೆಸುತ್ತ ಪಾಳಿಗೊಂದರಂತೆ ಬಾಯಿಪಾಠ ಮಾಡಿದ ಪದ್ಯಗಳಲ್ಲಿ ಅದೂ ಒಂದು. ಮಗ್ಗದ ಗದ್ದಲದಲ್ಲಿ ಕಲಿತದ್ದಕ್ಕೋ ಏನೋ, ಅಪ್ಪ ಮನೆಯಲ್ಲಿ ಓದಿದರೂ ಮೂರು ಬೀದಿಗೆ ಕೇಳುತ್ತಿತ್ತು. ಅದೇ ಗಂಟಲಲ್ಲಿ ಮಗಳು ಉಳಿದರ್ಧವನ್ನು ಓದಿ ಮುಗಿಸಿದರು.

"ಆಹಾಹಾ! ಏನ್ ಕಂಠ ತಾಯಿ, ಕಿವಿ ತೊಳೆದ ಹಾಗಾಯ್ತು. ಹೆಸರು? ಬೀದಿ?"

"ಗಂಗರತ್ನಮ್ಮ ಅಂತ. ಬಿನ್ನಿಪೇಟೆ, ಮಿಲ್ ಲೈನ್ ಮೂರನೇ ಕ್ರಾಸು."

ಆ ಕಡೆ ಕಾಫಿಯ ಗುಟುಕೊಂದು ಕೇಳಿತು.

"ಮಿಲ್ ಲೈನಾ? ಯಾರ ಮನೇಲಿ ಕೆಲ್ಸಕ್ಕಿದ್ರಿ ತಾಯಿ? ಯಾರೋ ದೊಡ್ಡೋರ ಮನೇಲಿ ಕೇಳಿ ಕಲ್ತಿದೀರಿ. ನೋಡಿ ಸ್ವಾಮಿ, ಇದಕ್ಕೇ ಅನ್ನೋದು, ಹೂವಿನ ಜೊತೆ ಸೇರಿ ನಾರೂ ಸ್ವರ್ಗ ಸೇರ್ತು ಅಂತ!" ಲೋಟ ಟಣ್ಣೆಂದಿತು. ಜಾಹೀರಾತು ಶುರುವಾಯಿತು. ಎರಡು ನಿಮಿಷ ಸಿಗಲೇ ಇಲ್ಲ. ಅಪ್ಪನ ಹೆಸರು ಗಂಗರತ್ನಮ್ಮನವರ ಬಾಯಲ್ಲೇ ಉಳಿಯಿತು.

ವಿಶಾಖಾ ಬಾಚಣಿಗೆ ಎಸೆದು ಎದ್ದಳು. "ಕೇಳಿಸ್ಕೊಂಡ್ಯಾ ನಿಮ್ಮ ಗುರುಗಳ ವಾಣಿ? ಬಿಟ್ಬಿಡಮ್ಮಾ, ಬೇರೆ ಸ್ಟೇಷನ್ ಹಾಕು."

"ಯಾಕೆ ಬಿಡ್ಲಿ? ಅಪ್ಪನ ವಿಷಯ ತಪ್ಪಾಗಿ ಹೋಗಿದೆ. ಹೋದ ಜಾಗದಲ್ಲೇ ಸರಿಯಾಗ್ಬೇಕು."

ಗಂಗರತ್ನಮ್ಮ ಸರ್ಕಾರಿ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದರು. ಗೆಜೆಟ್ಟಿನಲ್ಲಿ ಬಿದ್ದ ತಪ್ಪಿಗೆ ಗೆಜೆಟ್ಟಿನಲ್ಲೇ ತಿದ್ದುಪಡಿ. ಅಧಿಕಾರಿ ಮನೆಗೆ ಬಂದು ಕೈಮುಗಿದರೂ ಅಚ್ಚಾದ ತಪ್ಪು ಅಚ್ಚಿನಲ್ಲೇ ಇರುತ್ತದೆ.

ಬುಧವಾರ ಫೋನು ಸಿಕ್ಕಿತು. "ಮೇಡಂ, ಒಂದ್ಸಲ ಮಾತಾಡ್ದೋರನ್ನ ಒಂದ್ ತಿಂಗ್ಳು ತಗೊಳಲ್ಲ. ರೂಲ್ಸು," ಎಂದಳು ಸುಪ್ರಜಾ.

"ನಾನೆಲ್ಲಿ ಮಾತಾಡ್ದೆ? ಆಯ್ತು, ಬರ್ಕೊಳಿ. ನಮ್ಮಪ್ಪ ಮಾಯಣ್ಣ. ಮಿಲ್ಲಲ್ಲಿ ಮಗ್ಗ ನಡೆಸ್ತಿದ್ರು. ಪದ್ಯ ಅವರು ಕಲಿಸಿದ್ದು."

ಗುರುವಾರವೂ ಅದೇ ಹೇಳಿದರು. ಶುಕ್ರವಾರ ಸುಪ್ರಜಾ, "ಸೀರೆ ಗಿಫ್ಟ್ ವೋಚರ್ ಇದೆ ಮೇಡಂ, ಕಳಿಸ್ಲಾ?" ಎಂದಳು. "ಸೀರೆ ಇದೆ ಕಣಮ್ಮಾ. ನೀನು ಬರ್ಕೊ." ಶನಿವಾರ ಇವರು ಬಾಯಿ ತೆರೆಯುವ ಮೊದಲೇ ಆ ಹುಡುಗಿ, "ಮಾಯಣ್ಣ, ಮಗ್ಗ, ಬರ್ಕೊಂಡೆ ಮೇಡಂ," ಎಂದು ನಿಟ್ಟುಸಿರಿಟ್ಟಳು.

ಭಾನುವಾರ ಸಂಜೆ ಫೋನು ತಾನಾಗಿ ಹೊಡೆದುಕೊಂಡಿತು.

"ತಾಯಿ, ನಾನು ಶೀನಣ್ಣ." ಲೋಟದ ಸದ್ದಿಲ್ಲದ ಆ ದನಿ ತುಂಬ ಸಣ್ಣದಾಗಿತ್ತು, ಹಿಂದೆಲ್ಲೋ ಕುಕ್ಕರು ಕೂಗುತ್ತಿತ್ತು. "ನಾನು ಹೊಗಳಿದ್ದು ತಾಯಿ. ಬೇಜಾರಾಗಿದ್ರೆ ಕ್ಷಮ್ಸಿ."

"ಅವತ್ತು ಹೇಳಿದ್ದು ಊರಿಗೆಲ್ಲ ಕೇಳ್ತು ಸಾರ್. ಇದು ನನಗೊಬ್ಬಳಿಗೇ ಕೇಳ್ತಿದೆ."

"ಮೈಕ್ ಮುಂದೆ ಆಡಿದ್ದನ್ನ ನಾನು ಯಾವತ್ತೂ ಬದಲಾಯಿಸಿಲ್ಲ ತಾಯಿ. ಜನ ನನ್ನ ನಂಬೋದೇ ಅದಕ್ಕೆ."

"ನಾನೂ ಅದಕ್ಕೇ ನಂಬಿದ್ದೆ ಸಾರ್. ನಮ್ಮನೇಲಿ ಕೇಕಿನ ಮೇಲೆ ಬತ್ತಿ ಇಡೋದು ನಿಲ್ಲಿಸಿದ್ದು ನಿಮ್ಮ ಮಾತು ಕೇಳಿ." ಗಂಗರತ್ನಮ್ಮನವರ ದನಿ ಏರಲಿಲ್ಲ. "ನಮ್ಮಪ್ಪ ಯಾರ ಮನೆ ಬಾಗಿಲಲ್ಲೂ ನಿಂತು ಕಲಿತೋರಲ್ಲ. ಮಗ್ಗದ ಮುಂದೆ ನಿಂತು ಕಲಿತೋರು. ಅಷ್ಟು ಹೇಳಿ ಸಾಕು. ಹೇಳೋವರೆಗೂ ನಾನು ಫೋನ್ ಮಾಡ್ತೀನಿ. ನೀವೇ ಅಂತೀರಲ್ಲ, ಹಿಡಿದ ಕೆಲಸ ಬಿಡಬಾರ್ದು ಅಂತ."

ಆ ಕಡೆಯಿಂದ ಕುಕ್ಕರಿನ ಇನ್ನೊಂದು ಕೂಗು ಕೇಳಿತು. "ನೋಡ್ತೀನಿ ತಾಯಿ," ಎಂದರು ಶೀನಣ್ಣ.

ಸೋಮವಾರ ಏಳಕ್ಕೆ ಲೋಟ ಟಣ್ಣೆಂದಿತು. ಕಾಫಿಯ ಗುಟುಕು ಕೇಳಲಿಲ್ಲ. ಶೀನಣ್ಣ ಯಾವ ಪದ್ಯವನ್ನೂ ಎರಡನೇ ಸಲ ಓದಿದವರಲ್ಲ. ಅಂದು ಆ ಅತಿಥಿಯ ಪದ್ಯವನ್ನೇ ಎತ್ತಿಕೊಂಡರು. ಅರ್ಧಕ್ಕೆ ನಿಲ್ಲಿಸಲೂ ಇಲ್ಲ, ಕೊನೆಯವರೆಗೂ ಓದಿದರು. ಗಂಗರತ್ನಮ್ಮ ಒಲೆ ಆರಿಸಿ ಬಂದು ನಿಂತರು.

"ಹೋದ ಮಂಗಳವಾರ ಉಳಿದರ್ಧ ಓದಿದ ತಾಯಿಗೆ ನಾನೊಂದು ಮಾತಂದೆ. ತಪ್ಪು ಮಾತು. ಈ ಪದ್ಯ ಅವರಿಗೆ ಬಂದಿದ್ದು ಸ್ವಂತ ತಂದೆಯಿಂದ. ಬಿನ್ನಿಪೇಟೆ ಮಾಯಣ್ಣನವರು ಅಂತ. ಸಾಮಾನ್ಯರಲ್ಲ ಸ್ವಾಮಿ, ಮಿಲ್ಲಲ್ಲಿ ಫೋರ್‌ಮನ್ ಆಗಿದ್ದೋರು, ದೊಡ್ಡ ಮನುಷ್ಯರು. ಅವರಿಗೆ ನನ್ನ ನಮಸ್ಕಾರ."

"ಅಮ್ಮಾ!" ವಿಶಾಖಾ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಓಡಿ ಬಂದಳು. "ಹೇಳ್ಬಿಟ್ರು! ತಾತನ ಹೆಸರು ರೇಡಿಯೋದಲ್ಲಿ! ನೀನು ಗೆದ್ದೆ ಕಣಮ್ಮಾ!"

ಗಂಗರತ್ನಮ್ಮ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು. ಮಂಗಳವಾರ ಹಾಕಿದ ಮಲ್ಲಿಗೆ ಒಣಗಿ ಕಂದಾಗಿತ್ತು. ಕಣ್ಣೊರೆಸಿಕೊಂಡರು. ಆಮೇಲೆ ಫೋನಿನ ಹತ್ತಿರ ಹೋದರು.

"ಥ್ಯಾಂಕ್ಸ್ ಹೇಳೋಕಾ?"

"ಫೋರ್‌ಮನ್ ಅಂದ್ರು."

"ಅಯ್ಯೋ, ಒಳ್ಳೇದೇ ಅಲ್ವಾ? ತಾತಂಗೆ ಪ್ರಮೋಷನ್ನು!"

"ನಾಲ್ಕು ದಿನ ಬರೆಸಿದೀನಿ, ನಿನ್ನೆ ನಾನೇ ಹೇಳಿದೀನಿ. ನಿಮ್ಮ ತಾತ ಫೋರ್‌ಮನ್ ಅಲ್ಲ. ಮಗ್ಗ ನಡೆಸ್ತಿದ್ರು."

ವಿಶಾಖಾ ನಗಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ ಮುಚ್ಚಿದಳು.

ಗಂಗರತ್ನಮ್ಮ ಕನ್ನಡಕ ಏರಿಸಿ ಮೊದಲ ಅಂಕಿಗೆ ಬೆರಳಿಟ್ಟು ತಿರುಗಿಸಿದರು. ಎಂಗೇಜ್. ಇಟ್ಟು, ಮತ್ತೆ ತಿರುಗಿಸಿದರು. ಎಂಗೇಜ್. ಮೂರನೇ ಸಲಕ್ಕೆ ಡಯಲಿನ ಬಿಲ್ಲೆ ಕರಕರ ಹಿಂದಿರುಗುತ್ತಿರುವಾಗ ವಿಶಾಖಾ ಅಲ್ಲಿಂದ ಸರಿದು ಹೋದಳು. ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ರೇಡಿಯೋದ ಸದ್ದು ತಗ್ಗಿಸಿದಳು.